ಸಿಪ್ಪೆಯುಂಡೆ ಒಲೆ

ಮಕ್ಕಳೇ, ಹೋದ ಸಲ ಬಂದಾಗ ನೀವು ಅಡುಗೆಮನೆಯ ಮೂಡಣ ಗೋಡೆಯಲ್ಲಿ ಗಾರೆ ಮೆತ್ತಿದ ದುಂಡನೆಯ ಗುರುತು ನೋಡಿ, ಇಲ್ಲಿ ಏನಿತ್ತು ಎಂದು ಕೇಳಿದಿರಿ. ನಾನು "ಪೈಪಿತ್ತು" ಎಂದು ಹೇಳಿ ಸುಮ್ಮನಾದೆ. ಮಾತಿಗೆ ಕೂತರೆ ನನಗೆ ಮುಂದಿನದು ಹೊಳೆಯುವುದಿಲ್ಲ. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿದೆ. ಬರೆದರೆ ಒಂದೊಂದಾಗಿ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ಗುರುತಿನ ಜಾಗದಿಂದ ಒಂದು ಒಲೆಯ ಹೊಗೆ ಹೊರಗೆ ಹೋಗುತ್ತಿತ್ತು. ಒಲೆ ಹಾಕಿಸಿದ್ದು ನನ್ನ ಅತ್ತೆಗಾಗಿ, ಅಂದರೆ ನಿಮ್ಮ ಮುತ್ತಜ್ಜಿಗಾಗಿ. ನಾನು ಮದುವೆಯಾಗಿ ಈ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ಸರಿಯಾಗಿ ನೆನಪಿಲ್ಲ. ಮನೆಯಲ್ಲಿ ಅತ್ತೆ, ನಿಮ್ಮ ತಾತ, ನಾನು ಮೂವರೇ. ನಿಮ್ಮ ಅಪ್ಪ ಇನ್ನೂ ಹುಟ್ಟಿರಲಿಲ್ಲ.

ಅತ್ತೆಗೆ ಉಬ್ಬಸ ಇತ್ತು. ಮಳೆಗಾಲ ಹೇಗೋ ಕಳೆಯುತ್ತಿತ್ತು, ಬೇಸಗೆಯಲ್ಲಿ ನನಗಿಂತ ಚುರುಕಾಗಿ ಓಡಾಡುತ್ತಿದ್ದರು. ಮಾಗಿ ಬಂತೆಂದರೆ ಆಗುತ್ತಿರಲಿಲ್ಲ. ನಮ್ಮದು ಶಿರಾಕ್ಕೂ ಮಧುಗಿರಿಗೂ ನಡುವಿನ ಬಯಲು. ಮೂಡಲ ಗಾಳಿಗೆ ಅಡ್ಡ ನಿಲ್ಲುವುದಕ್ಕೆ ಒಂದು ಮರ ಇಲ್ಲ. ಹಗಲೆಲ್ಲ ಕಾದ ಬಂಡೆಗಳು ಬೆಳಗಾಗುವ ಹೊತ್ತಿಗೆ ಮುಟ್ಟಿದರೆ ಕೈ ಸೆಟೆಯುವ ಹಾಗೆ ತಣ್ಣಗಿರುತ್ತಿದ್ದವು. ಕುರಿ ಸಾಕಿದ ಮನೆಯಾದ್ದರಿಂದ ಕಂಬಳಿಗೆ ಬರವಿರಲಿಲ್ಲ. ಎರಡು ಕಂಬಳಿ ಹೊದ್ದರೂ ಅತ್ತೆಯ ಎದೆಯೊಳಗೆ ಬೆಕ್ಕಿನ ಮರಿ ಅತ್ತಂತೆ ಸದ್ದು. ಚಳಿ ತಡೆಯದೆ ಅಡುಗೆಮನೆಯಲ್ಲೇ ಒಲೆಯ ಪಕ್ಕ ಮಲಗುತ್ತಿದ್ದರು. ಒಲೆಗೆ ಹಾಕುತ್ತಿದ್ದದ್ದು ಸೀಮೆಜಾಲಿ, ತೊಗರಿಕಡ್ಡಿ. ಮನೆಯೋ ಹಳೆಯ ಮಣ್ಣಿನ ಮಾಳಿಗೆ. ಸೂರಿನಲ್ಲಿ ಒಂದು ಗವಾಕ್ಷಿ, ಅಷ್ಟೇ. ಹೊಗೆ ಅರ್ಧ ಹೊರಗೆ ಹೋದರೆ ಅರ್ಧ ಅತ್ತೆಯ ಎದೆಗೆ ಹೋಗುತ್ತಿತ್ತು.

ಮಧುಗಿರಿಯ ಡಾಕ್ಟರು ನೋಡಿ, ಹೊಗೆಯ ಹತ್ತಿರ ಬಿಡಬೇಡಿ, ಚಳಿಗೂ ಒಡ್ಡಬೇಡಿ, ಹೀಗೇ ಆದರೆ ಇನ್ನೆರಡು ಮಾಗಿ ಕಳೆಯುವುದು ಕಷ್ಟ ಎಂದು ನಿಮ್ಮ ತಾತನನ್ನು ಪಕ್ಕಕ್ಕೆ ಕರೆದು ಹೇಳಿದರು. ಅತ್ತೆಯ ಕಿವಿ ಚುರುಕು. ಬಸ್ಸಿನಲ್ಲಿ ಬರುವಾಗ ಕೇಳಿದರು:

"ಒಲೆ ಇಲ್ದೆ ಬೆಚ್ಚಗಿರಾದು ಹೆಂಗೆ ಅಂತ ಆ ಡಾಕ್ಟ್ರಪ್ಪ ಚೀಟೀಲಿ ಏನಾನ ಬರ್ಕೊಟ್ಟವ್ನೇನ್ಲಾ?"

"ಮಾತ್ರೆ ಬರ್ಕೊಟ್ಟವ್ರೆ ಕಣವ್ವ."

"ಮಾತ್ರೆ ಹಚ್ಕೊಂಡು ಕೈ ಕಾಯಿಸ್ಕಬೋದಾ?"

ನಿಮ್ಮ ತಾತ ಮಾತ್ರೆಯ ಚೀಟಿ ಮಡಚಿ ಜೇಬಿಗಿಟ್ಟರು. ಆದರೆ ಆ ಮಾತು ಅವರನ್ನು ಕೊರೆಯುತ್ತಿತ್ತು. ಬೆಚ್ಚಗೂ ಇರಬೇಕು, ಹೊಗೆಯೂ ಇರಬಾರದು. ಹೇಗೆ?

ಅವರು ಆಗ ಮಧುಗಿರಿಯಲ್ಲಿ ಕಡಲೆಕಾಯಿ ಬಿಡಿಸುವ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಯಾವುದೋ ಕೆಲಸಕ್ಕೆ ಶಿರಾಕ್ಕೆ ಹೋದಾಗ ಒಂದು ಟೀ ಅಂಗಡಿಯಲ್ಲಿ ಕೂತರಂತೆ. ಇಕ್ಕಟ್ಟಾದ ಅಂಗಡಿ, ದಿನವಿಡೀ ಉರಿಯುವ ಒಲೆ, ಆದರೂ ಕಣ್ಣುರಿ ಇಲ್ಲ. ಎದ್ದು ಹೋಗಿ ಒಲೆಯ ಹಿಂದೆ ಬಗ್ಗಿ ನೋಡಿದರೆ ತಗಡಿನ ಪೈಪು. ಒಳಗೆ ಉರಿಯುತ್ತಿದ್ದದ್ದು ಸೌದೆಯಲ್ಲ, ನಿಂಬೆಹಣ್ಣಿನ ಗಾತ್ರದ ಕಂದು ಉಂಡೆಗಳು. ಕಡಲೆಕಾಯಿ ಸಿಪ್ಪೆ ಕುಟ್ಟಿ, ಸಗಣಿ ನೀರಿನಲ್ಲಿ ಕಲಸಿ ಕಟ್ಟಿದ ಉಂಡೆ. ಮಿಲ್ಲಿನ ಹಿತ್ತಲಲ್ಲಿ ಸಿಪ್ಪೆ ಗುಡ್ಡದಂತೆ ಬಿದ್ದಿರುತ್ತಿತ್ತು, ಬೇಕಾದವರು ತುಂಬಿಕೊಂಡು ಹೋಗಬಹುದಿತ್ತು. ನಿಮ್ಮ ತಾತ ಟೀ ಆರಲು ಬಿಟ್ಟು, ಆ ಒಲೆ ಮಾಡಿದ ತಗಡಿನ ಸಾಬರ ಅಂಗಡಿ ಎಲ್ಲಿ ಎಂದು ಕೇಳಿಕೊಂಡು ಹೊರಟರಂತೆ.

ಅಂದಿನಿಂದ ಬಸ್ಸಿನ ಟಾಪಿನ ಮೇಲೆ ಸಿಪ್ಪೆ ಮೂಟೆ ಬರತೊಡಗಿದವು. ಕಂಡಕ್ಟರು ಜಗಳಕ್ಕೆ ಬಂದಿದ್ದನಂತೆ.

"ಮೂಟೆಗೆ ಟಿಕೆಟ್ ತಗೊಳ್ಳಯ್ಯಾ."

"ಅದ್ರಲ್ಲಿ ಬೀಜ ಎಲ್ಲೈತಣ್ಣಾ, ಬರೀ ಗಾಳಿ. ಗಾಳಿಗೂ ಟಿಕೆಟ್ಟಾ?"

"ನಿನ್ ಗಾಳಿ ಸೀಟಿನೋರ್ ತಲೆ ಮೇಲೆಲ್ಲಾ ಉದುರ್ತಾ ಐತಲ್ಲೋ!"

ನಾನು ಸಿಪ್ಪೆಯನ್ನು ಒರಳಿನಲ್ಲಿ ಕುಟ್ಟುತ್ತಿದ್ದೆ. ದೂಳೆಲ್ಲ ಅಡಗಿದ ಮೇಲೆ ಅತ್ತೆ ಜಗಲಿಯ ಬಿಸಿಲಿಗೆ ಕೂತು ಉಂಡೆ ಕಟ್ಟುತ್ತಿದ್ದರು. ರಾಗಿ ಮುದ್ದೆ ಕಟ್ಟಿದ ಕೈ, ಒಂದೂ ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು ಇದೇನಜ್ಜಿ ಎಂದರೆ, "ಒಲೆಗೂ ಹೊಟ್ಟೆ ಐತಲ್ಲಪ್ಪ, ಅದುಕ್ಕೂ ಮುದ್ದೆ" ಎನ್ನುತ್ತಿದ್ದರು.

ಕಾರ್ತಿಕ ಮಾಸದಲ್ಲಿ ಒಂದು ದಿನ ತಗಡಿನ ಸಾಬರು ಸೈಕಲ್ಲಿಗೆ ಪೈಪು ಕಟ್ಟಿಕೊಂಡು ಬಂದರು. ಬಿಳಿ ಗಡ್ಡ, ಕಿವಿಯ ಮೇಲೆ ಪೆನ್ಸಿಲು. ಅಡುಗೆಮನೆಗೆ ಬಂದು ಸೂರು ನೋಡಿ, "ದಾರಿ ರೆಡಿ ಐತಲ್ಲ! ಗವಾಕ್ಷಿ ಒಳಗಿಂದ ಪೈಪು ನೆಟ್ಟಗೆ ಮೇಲಕ್ಕೆ, ಬಸ್, ಖತಂ" ಎಂದರು.

ಅತ್ತೆ ಒಪ್ಪಲಿಲ್ಲ. ಗವಾಕ್ಷಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಬಿಲ್ಲೆ ನೋಡಿಯೇ ಅವರು ಹೊತ್ತು ಹೇಳುತ್ತಿದ್ದದ್ದು. ಬಿಲ್ಲೆ ಬೀಸುವ ಕಲ್ಲಿನ ಹತ್ತಿರ ಬಂದರೆ ಕುರಿ ಕಾಯುವ ಆಳುಗಳಿಗೆ ಬುತ್ತಿ ಕಟ್ಟುವ ಹೊತ್ತು, ನೀರಿನ ಗುಡಾಣದ ಹತ್ತಿರ ಬಂದರೆ ಎಮ್ಮೆಗೆ ನೀರು.

"ಅದ ಮುಚ್ಚಿದ್ರೆ ನಂಗೆ ಹೊತ್ತು ಯೋಳೋರು ಯಾರು? ನೀನು ದಿನಾ ಸೈಕಲ್ ಮೇಲೆ ಬಂದು ಯೋಳ್ತೀಯಾ?"

"ಗಡಿಯಾರ ತಗೊಳ್ಳಿ ಅಮ್ಮಾ."

"ಅದುಕ್ಕೆ ದಿನಾ ಕೀಲಿ ಕೊಡಬೇಕು. ಸೂರ್ಯಂಗೆ ಕೊಡಬೇಕಾ?"

ಸಾಬರು ನಕ್ಕು ಸೋತರು. ಪೈಪನ್ನು ಮೂಡಣ ಗೋಡೆಯಿಂದ ಹೊರಗೆ ತೆಗೆಯುವುದೆಂದಾಯಿತು. ಒಲೆಯ ಮೈ ಮಣ್ಣಿನದು, ಒಳಗೆ ತಗಡಿನ ಡಬ್ಬ, ತಳದಲ್ಲಿ ಕಬ್ಬಿಣದ ಸರಳು. ಉಂಡೆ ಹಾಕುವುದಕ್ಕೆ ಪಕ್ಕದಲ್ಲಿ ಇಳಿಜಾರಾದ ಬಾಯಿ, ಕೆಳಗೆ ಗಾಳಿಗೆ ಒಂದು ತೂತು, ಹಿಂದೆ ಪೈಪಿಗೆ ಹೊಗೆ ಹೋಗುವ ಕಂಡಿ. ಆ ಕಂಡಿಯಲ್ಲಿ ಮಸಿ ಕಟ್ಟುತ್ತದೆ, ಆಗಾಗ ಕೈ ಹಾಕಿ ತೆಗೆಯಬೇಕು, ಅದಕ್ಕೆ ಮನೆಯ ಹೆಣ್ಣುಮಗಳ ಕೈಯ ಅಳತೆ ಬೇಕು ಎಂದರು ಸಾಬರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಗಿನ ಗಂಡಸರ ಮುಂದೆ ನಾನು ಹೋದವಳೇ ಅಲ್ಲ. ನಿಮ್ಮ ತಾತ ಕರೆದರೂ ಹೋಗಲಿಲ್ಲ. ಕೊನೆಗೆ ಒಂದು ಗಾಜಿನ ಬಳೆ ಬಿಚ್ಚಿ ಬಾಗಿಲ ಸಂದಿಯಿಂದ ಕೊಟ್ಟೆ. ಸಾಬರು ಆ ಬಳೆಯನ್ನು ಮಣ್ಣಿಗೆ ಒತ್ತಿ ಗುರುತು ಮಾಡಿಕೊಂಡು, ಸುತ್ತ ಎರಡು ಬೆರಳು ಹೆಚ್ಚಿಗೆ ಬಿಟ್ಟು ಕಂಡಿ ಮಾಡಿದರು. ಬಳೆಯನ್ನು ತೊಳೆದು ವಾಪಸು ಕಳಿಸಿದರು.

ಮೊದಲ ದಿನ ಒಲೆ ಹೊತ್ತಿಸಿದಾಗ ಏನಾಯಿತು ಗೊತ್ತೇ? ಹೋದ ಹೊಗೆಯೆಲ್ಲ ತಿರುಗಿ ಬಂತು! ಪೈಪಿನ ಬಾಯಿ ಮೂಡಲಿಗೆ, ಮಾಗಿಯ ಗಾಳಿಯೂ ಮೂಡಲಿಂದ. ಗಾಳಿ ಪೈಪನ್ನು ಊದುಗೊಳವೆ ಮಾಡಿಕೊಂಡು ಊದಿತು. ಅತ್ತೆ ಕೆಮ್ಮುತ್ತಾ ಹಿತ್ತಲಿಗೆ ಓಡಿದರು. ಸಾಬರು ಕಣ್ಣೊರೆಸಿಕೊಂಡು, "ಪೈಪು ನಮ್ದು, ಗಾಳಿ ನಿಮ್ ಊರಿಂದು. ಅದುಕ್ಕೆ ಪರಿಚಯ ಆಗ್ಬೇಕಲ್ವಾ" ಎಂದು ಹೇಳಿ ಹೋದವರು ಮಾರನೆಯ ದಿನ ಇನ್ನೆರಡು ಪೈಪು ತಂದರು. ಗೋಡೆಯಾಚೆ ಅದನ್ನು ಮೊಣಕೈಯಂತೆ ಮೇಲಕ್ಕೆ ತಿರುಗಿಸಿ, ಮಾಳಿಗೆಯ ಕೈಪಿಡಿ ಗೋಡೆ ದಾಟಿ ಆಳೆತ್ತರಕ್ಕೆ ಏರಿಸಿ, ತುದಿಗೆ ತಗಡಿನ ಟೋಪಿ ಇಟ್ಟರು. ಆಮೇಲೆ ಒಲೆಯೊಳಗೆ ಬೆಂಕಿ ಗುಂಯ್ ಎಂದು ಸದ್ದು ಮಾಡಿ ಉರಿಯಿತು. ಅಡುಗೆಮನೆಯಲ್ಲಿ ಹೊಗೆ ಇಲ್ಲ. ಉಂಡೆಗಳು ಕೆಂಡವಾಗಿ ಬೆಳಗಿನವರೆಗೂ ಬಿಸಿ ಕೊಡುತ್ತಿದ್ದವು, ಒಲೆಯ ಮಣ್ಣಿನ ಮೈ ಎಮ್ಮೆಯ ಮೈಯಂತೆ ಬೆಚ್ಚಗಿರುತ್ತಿತ್ತು.

ಆ ಮಾಗಿ ಅತ್ತೆ ಚೆನ್ನಾಗಿ ಕಳೆದರು. ಸಂಕ್ರಾಂತಿಗೆ ಅವರೇ ಕೂತು ಅವರೆಕಾಳು ಹಿಚುಕಿದರು. ಊರಿನವರೆಲ್ಲ ಬಂದು ಒಲೆ ನೋಡಿ ಹೋದರು. ನನಗೆ ಆ ಒಲೆಯೆಂದರೆ ಪ್ರಾಣವಾಯಿತು.

ನಮ್ಮಲ್ಲಿ ಸಾರಿಸದ ಒಲೆಗೆ ಬೆಂಕಿ ಹಾಕುವುದಿಲ್ಲ. ನಾನು ಬಂದ ಹೊಸದರಲ್ಲಿ ಅತ್ತೆ ಹೇಳಿದ್ದರು, "ರಾತ್ರಿ ಎಂಜಲು ಬಿದ್ದಿರ್ತದೆ, ಒಲೆಗೆ ಸ್ನಾನ ಆಗ್ದೆ ನಾವು ಉಣ್ಣಬಾರದು." ನಾನು ದಿನಾ ಬೆಳಿಗ್ಗೆ ಬೂದಿ ತೆಗೆದು, ಒಲೆ ಆರಿದ ಮೇಲೆ ಕೆಮ್ಮಣ್ಣು, ಸಗಣಿ ಕಲಸಿ ಬಟ್ಟೆಯಲ್ಲಿ ಒಲೆ ಸಾರಿಸಿ ರಂಗೋಲಿ ಎಳೆಯುತ್ತಿದ್ದೆ. ಹಳೆಯ ಒಲೆಗೆ ಹೊರಮೈ ಮಾತ್ರ ಸಾರಿಸುತ್ತಿದ್ದವಳು, ಹೊಸ ಒಲೆಗೆ ಗಾಳಿಯ ತೂತಿನ ಒಳಗೂ, ಹಿಂದಿನ ಕಂಡಿಯ ಒಳಗೂ ಮೊಣಕೈವರೆಗೆ ಕೈ ಹಾಕಿ ಸಾರಿಸುತ್ತಿದ್ದೆ. ಮಸಿ ಕಾಣಬಾರದು, ನನ್ನ ಒಲೆ ಒಳಗೂ ಕೆಂಪಗಿರಬೇಕು. ಊರಿನಲ್ಲಿ ಯಾರ ಒಲೆಯೂ ಹಾಗಿರಲಿಲ್ಲ.

ಮುಂದಿನ ಕಾರ್ತಿಕ ಕಳೆಯುತ್ತಿದ್ದ ಹಾಗೆ ಒಲೆ ಹೊಗೆಯಾಡತೊಡಗಿತು. ಮೊದಲು ಹೊತ್ತಿಸುವಾಗ ಸ್ವಲ್ಪ, ಆಮೇಲೆ ದಿನವಿಡೀ. ಉಂಡೆ ಉರಿಯದೆ ಕಮರುತ್ತಿತ್ತು. ನಿಮ್ಮ ತಾತ ಮಾಳಿಗೆ ಹತ್ತಿ ಪೈಪಿನೊಳಗೆ ಬಿದಿರು ಕೋಲು ಆಡಿಸಿದರು, ಟೋಪಿ ಬಿಚ್ಚಿ ಹಾಕಿದರು, ಏನೂ ಆಗಲಿಲ್ಲ. ಪಕ್ಕದ ಮನೆಯಲ್ಲಿ ಪಾವಗಡದ ಕಡೆಯಿಂದ ಬಂದ ಹೆಂಗಸೊಬ್ಬಳಿದ್ದಳು, ಅರ್ಧ ತೆಲುಗು ಅರ್ಧ ಕನ್ನಡ ಆಡುವವಳು. ಬಂದವಳೇ ಮೂಗಿನ ಮೇಲೆ ಬೆರಳಿಟ್ಟಳು.

"ದಿಷ್ಟಿ ಕಣಕ್ಕಾ, ನಿಜಂಗಾ! ಊರೋರೆಲ್ಲಾ ಬಂದು ಚೂಸಿ ಹೋದ್ರಲ್ಲಾ. ಒಂದು ನಿಮ್ಮಕಾಯಿ, ನಾಲ್ಕು ಮಿರಪಕಾಯಿ ಕಟ್ಟು ಆ ಪೈಪಿಗೆ."

ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆವು. ಮೂರು ದಿನಕ್ಕೆ ನಿಂಬೆಹಣ್ಣು ಮಸಿಯಾಗಿ ನೇರಳೆಹಣ್ಣಿನಂತಾಯಿತು. ಅತ್ತೆ ನೋಡಿ, "ದಿಷ್ಟಿಗೇ ಉಬ್ಬಸ ಬಂದಂಗೈತೆ" ಎಂದರು. ನಗಲು ಹೋಗಿ ಕೆಮ್ಮು ಹತ್ತಿತು, ಆ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಮಾರ್ಗಶಿರದ ಹೊತ್ತಿಗೆ ಅವರು ಮಲಗುವುದನ್ನೇ ಬಿಟ್ಟರು. ಗೋಡೆಗೆ ಒರಗಿ, ಮೊಣಕಾಲಿನ ಮೇಲೆ ಕಂಬಳಿ ಗಂಟು ಇಟ್ಟು, ಅದರ ಮೇಲೆ ಹಣೆಯಿಟ್ಟು ಕೂತೇ ನಿದ್ದೆ ಮಾಡುತ್ತಿದ್ದರು. ತುಟಿ ನೀಲಿಯಾಗುತ್ತಿತ್ತು. ಒಲೆ ಆರಿಸಿದರೆ ನಡುಕ, ಹೊತ್ತಿಸಿದರೆ ಉಸಿರು ಕಟ್ಟುವುದು. ಡಾಕ್ಟರು ಹೇಳಿದ ಎರಡನೆಯ ಮಾಗಿ ಇದೇ ಎಂದು ನಿಮ್ಮ ತಾತ ನನ್ನ ಹತ್ತಿರ ಒಮ್ಮೆ ಹೇಳಿದರು, ಮತ್ತೆ ಹೇಳಲಿಲ್ಲ.

ನನಗೆ ಏನು ಮಾಡಲೂ ತೋಚದೆ ಒಲೆಯನ್ನು ಇನ್ನೂ ಚೊಕ್ಕವಾಗಿಟ್ಟೆ. ಬೆಳಿಗ್ಗೆ ಒಂದು ಸಲ ಸಾರಿಸುತ್ತಿದ್ದವಳು ಸಂಜೆಯೂ ಸಾರಿಸತೊಡಗಿದೆ.

ಕೊನೆಗೆ ನಿಮ್ಮ ತಾತ ಸಾಬರಿಗೆ ಹೇಳಿಕಳಿಸಿದರು. ನಾಳೆ ಬಂದು ಪೈಪು ಕಿತ್ತುಕೊಂಡು ಹೋಗಲಿ, ಒಲೆ ಒಡೆದು ಹಾಕಿ ಅವ್ವನನ್ನು ನಡುಮನೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಿಸೋಣ ಎಂದು ತೀರ್ಮಾನವಾಯಿತು. ಅಗ್ಗಿಷ್ಟಿಕೆಯೂ ಹೊಗೆಯೇ ಎಂದು ಮೂವರಿಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ, ಇದೇ ಕೊನೆಯ ಸಲ ಎಂದುಕೊಂಡು ಒಲೆ ಸಾರಿಸಲು ಕೂತೆ. ಹಿಂದಿನ ಕಂಡಿಗೆ ಕೈ ಹಾಕಿದಾಗ ಚಿಟ್ ಎಂದಿತು. ಎರಡು ಬಳೆ ಒಡೆದಿದ್ದವು. ಕೈ ಮಣಿಕಟ್ಟಿನ ಹತ್ತಿರವೇ ಸಿಕ್ಕಿಕೊಂಡಿತ್ತು.

ಗೋಡೆಗೆ ಒರಗಿ ಕೂತಿದ್ದ ಅತ್ತೆ ಉಸಿರಿನ ಮಧ್ಯೆ ಬಿಡಿಸಿ ಬಿಡಿಸಿ ಹೇಳಿದರು, "ದೀಪಾವಳಿಗೆ ತವರಿಗೆ ಹೋಗಿ... ಚೆನ್ನಾಗಿ ತಿಂದ್ಕೊಂಡ್ ಬಂದೆ ಕಣಮ್ಮಿ... ಕೈ ದಪ್ಪ ಆಗೈತೆ."

ನಾನು ಕೈ ನೋಡಿಕೊಂಡೆ. ಅದೇ ಒಣಕಲು ಕೈ. ಹಿಂದಿನ ವಾರವಷ್ಟೇ ಅದೇ ಅಳತೆಯ ಬಳೆ ತೊಟ್ಟಿದ್ದೆ. ಒಡೆಯದೆ ಉಳಿದ ಒಂದು ಬಳೆ ಬಿಚ್ಚಿ ಕಂಡಿಯ ಬಾಯಿಗೆ ಹಿಡಿದೆ. ಸುತ್ತ ಎರಡು ಬೆರಳು ಜಾಗ ಬಿಟ್ಟು ಮಾಡಿದ ಕಂಡಿಯೊಳಗೆ ಬಳೆಯೇ ಹೋಗಲಿಲ್ಲ.

ಒಲೆ ಕೆಟ್ಟಿರಲಿಲ್ಲ, ಪೈಪು ಕೆಟ್ಟಿರಲಿಲ್ಲ, ಯಾರ ಕಣ್ಣೂ ಬಿದ್ದಿರಲಿಲ್ಲ. ಕಂಡಿ ಮುಚ್ಚಿದವಳು ನಾನು. ದಿನಕ್ಕೊಂದು ಪದರ, ಎಲೆಯಷ್ಟು ತೆಳ್ಳಗೆ, ಒಂದು ವರ್ಷ.

ಕುಡುಗೋಲು ತಂದು ಅದರ ತುದಿಯಿಂದ ಕಂಡಿಯ ಬಾಯಿ ಕೆರೆಯತೊಡಗಿದೆ. ಮೇಲಿನದು ಹಸಿ, ಒಳಗಿನದು ಇಟ್ಟಿಗೆಯಂತೆ ಬೆಂದಿತ್ತು. ಒಂದು ದೊಡ್ಡ ಚಕ್ಕೆ ಕಳಚಿ ಕೈಗೆ ಬಂತು. ಅಷ್ಟರಲ್ಲಿ ಹೊರಗೆ ಸಾಬರ ಸೈಕಲ್ ಗಂಟೆ, ನಿಮ್ಮ ತಾತನ ಜೋರು ದನಿ.

"ಏನ್ ಸಾಬ್ರೇ, ಒಂದು ವರ್ಸಕ್ಕೆ ಕೆಟ್ಟೋಗಾ ಪೈಪು ಹಾಕಿದ್ರಲ್ಲಾ! ನಮ್ಮವ್ವನ ಜೀವ ಹೋಗ್ತಾ ಐತೆ ಇಲ್ಲಿ."

"ನನ್ ಪೈಪು ಕೆಡಲ್ಲ. ಶಿರಾದಾಗೆ ಹತ್ತು ವರ್ಷದ್ದು ಐತೆ, ಬಂದು ನೋಡಿ."

"ಮೊದ್ಲು ಕಿತ್ಕೊಂಡ್ ಹೋಗಿ."

ಮಾಳಿಗೆಗೆ ಏಣಿ ಆನಿಸಿದ ಸದ್ದಾಯಿತು. ಸುತ್ತಿಗೆ ಏಟು ಬಿದ್ದರೆ ಪೈಪಿನ ಸಂದು ಬಿಡುತ್ತದೆ, ಮತ್ತೆ ಕೂಡಿಸುವುದು ಸುಲಭವಲ್ಲ ಎಂದು ಹೋದ ವರ್ಷ ಸಾಬರೇ ಹೇಳಿದ್ದರು. ನಾನು ಆ ಚಕ್ಕೆಯನ್ನು ಮೊರದಲ್ಲಿಟ್ಟುಕೊಂಡು ಅಂಗಳಕ್ಕೆ ಬಂದುಬಿಟ್ಟೆ. ಕೈಯೆಲ್ಲ ಮಸಿ, ಕೆಮ್ಮಣ್ಣು. ಸೆರಗು ಎಲ್ಲಿತ್ತೋ ಗೊತ್ತಿಲ್ಲ. ಇಬ್ಬರೂ ನನ್ನನ್ನೇ ನೋಡಿದರು. ಮೊರವನ್ನು ಮುಂದೆ ಹಿಡಿದೆ.

ಸಾಬರು ಏಣಿಯಿಂದ ಒಂದು ಮೆಟ್ಟಿಲು ಇಳಿದು ಚಕ್ಕೆ ತೆಗೆದುಕೊಂಡರು. ಒಡೆದ ಅಂಚನ್ನು ಬಿಸಿಲಿಗೆ ತಿರುಗಿಸಿದರು. ಕೆಂಪು, ಬೂದು, ಕೆಂಪು, ಬೂದು, ಪುಸ್ತಕದ ಹಾಳೆಯಂತೆ ಪದರ.

"ಅರೆ ವಾ! ಇಷ್ಟು ಪದರದ ಪರಾಟ ನನ್ ಬೀಬಿಗೂ ಮಾಡಾಕ್ ಬರಲ್ಲ."

ನಿಮ್ಮ ತಾತನಿಗೆ ಅರ್ಥವಾಗಲಿಲ್ಲ. "ಏನದು?" ಎಂದು ನನ್ನನ್ನೇ ಕೇಳಿದರು.

"ನಂದೇ ತಪ್ಪು," ಎಂದೆ. ದನಿ ಎಷ್ಟು ಸಣ್ಣಗಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. "ನಂದೇ ತಪ್ಪು. ದಿನಾ ಒಳಕ್ಕೂ ಸಾರಿಸ್ತಿದ್ದೆ. ಕಂಡಿ ಮುಚ್ಕೊಂಡೈತೆ. ಪೈಪು ಕೀಳಬ್ಯಾಡಿ."

ಅಷ್ಟು ಮಾತನ್ನು ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು. ನಿಮ್ಮ ತಾತ ಬೈಯಬಹುದೆಂದು ತಲೆ ತಗ್ಗಿಸಿ ನಿಂತೆ. ಅವರು ಚಕ್ಕೆಯನ್ನೂ ನನ್ನನ್ನೂ ನೋಡಿದರು. ಮಾತಾಡಿದ್ದು ಅತ್ತೆ. ಬಾಗಿಲ ಚೌಕಟ್ಟು ಹಿಡಿದು ಬಂದು ನಿಂತಿದ್ದರು.

"ಅವಳ್ನ ಯಾಕ್ಲಾ ಅಂಗೆ ನೋಡ್ತೀಯಾ? ಒಲೆ ಸಾರ್ಸು ಅಂತ ಯೋಳ್ಕೊಟ್ಟೋಳು ನಾನು. ಒಳಗೆ ಎಷ್ಟು, ಹೊರಗೆ ಎಷ್ಟು ಅಂತ ನಾನೂ ಯೋಳಲಿಲ್ಲ." ಉಸಿರು ತೆಗೆದುಕೊಂಡು ಮತ್ತೆ ಹೇಳಿದರು, "ನನ್ ಸೊಸೆ ಸೋಮಾರಿಯಾಗಿದ್ರೆ ನಾನು ಬದುಕ್ಕೋತಿದ್ದೆ ಕಣ್ಲಾ. ಹೋಗ್ರಿ, ಮೂರೂ ಜನ ಸೇರ್ಕೊಂಡು ಕೆರೀರಿ."

ಕೆರೆದೆವು. ಸಾಬರು ಉಳಿ, ಸುತ್ತಿಗೆ ಹಿಡಿದರು, ನಿಮ್ಮ ತಾತ ಗಾಳಿಯ ತೂತು ನೋಡಿಕೊಂಡರು, ನಾನು ಮಣ್ಣು ತುಂಬಿ ಹೊರಗೆ ಹಾಕಿದೆ. ಒಂದು ಮಂಕರಿ ತುಂಬಿತು. ಕೊನೆಗೆ ಸಾಬರು "ಬಳೆ ಕೊಡಿ ಅಮ್ಮಾ" ಎಂದರು. ಈ ಸಲ ನಾನೇ ಮುಂದೆ ಬಂದು ಕಂಡಿಗೆ ಕೈ ಹಾಕಿ ತೋರಿಸಿದೆ. ಮೊಣಕೈವರೆಗೂ ಸಲೀಸಾಗಿ ಹೋಯಿತು.

ಹತ್ತು ಉಂಡೆ ಹಾಕಿ ಹೊತ್ತಿಸಿದೆವು. ಸ್ವಲ್ಪ ಹೊತ್ತು ಹೊಗೆ ಒಲೆಯ ಬಾಯಲ್ಲಿ ಹೊರಳಾಡಿ, ಆಮೇಲೆ ಯಾರೋ ಎಳೆದುಕೊಂಡಂತೆ ಹಿಂದಕ್ಕೆ ಸರಿಯಿತು. ಬೆಂಕಿ ಮತ್ತೆ ಗುಂಯ್ ಎಂದಿತು. ಮಾಳಿಗೆಯ ಮೇಲಿಂದ ನಿಮ್ಮ ತಾತ "ಬಂತು, ಬಂತು!" ಎಂದು ಕೂಗಿದರು. ಅವರು ಹಾಗೆ ಕೂಗಿದ್ದನ್ನು ನಾನು ಕೇಳಿದ್ದು ಕಡಿಮೆ. ಸಾಬರಿಗೆ ಊಟ ಹಾಕಿ ಕಳಿಸಿದೆವು. ಒಳಗಿನ ಕಂಡಿಗೆ ಮಣ್ಣು ಮುಟ್ಟಿಸಬೇಡಿ, ಒಣ ಬಟ್ಟೆಯಲ್ಲಿ ಮಸಿ ಒರೆಸಿದರೆ ಸಾಕು ಎಂದು ಹೇಳಿ ಹೋದರು. ಅತ್ತೆ ಅದಕ್ಕೆ ತಮ್ಮದೂ ಒಂದು ಸೇರಿಸಿದರು: ಹೊರಗಿನದನ್ನು ಮಾತ್ರ ಸಾರಿಸಬೇಕು, ಅಮಾವಾಸ್ಯೆಗೆ ಒಮ್ಮೆ ಕೆರೆಯಬೇಕು. ಆ ಒಲೆ ಇರುವವರೆಗೂ ನಾನು ಹಾಗೇ ಮಾಡಿದೆ.

ಚಳಿ ಒಂದೇ ದಿನಕ್ಕೆ ಹೋಗಲಿಲ್ಲ, ಉಬ್ಬಸವೂ ಹೋಗಲಿಲ್ಲ. ಮೂರ್ನಾಲ್ಕು ದಿನ ಅತ್ತೆ ಒಲೆಯ ಪಕ್ಕ ಒರಗಿಯೇ ಕೂತಿದ್ದರು. ಐದನೆಯ ದಿನ ಮಧ್ಯಾಹ್ನ ನಾನು ಹಿತ್ತಲಿನಲ್ಲಿ ಪಾತ್ರೆ ಬೆಳಗಿ ಒಳಗೆ ಬಂದರೆ, ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಎರಡು ತಿಂಗಳಿಂದ ಬೆನ್ನು ನೆಲಕ್ಕೆ ತಾಗಿರಲಿಲ್ಲ. ಎದೆಯ ಸದ್ದು ಕೇಳಲಿಲ್ಲ. ಆ ಸದ್ದಿಗೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ಅದು ಕೇಳದಿದ್ದಾಗ ಪಾತ್ರೆಗಳನ್ನು ಬಾಗಿಲಲ್ಲೇ ಇಟ್ಟುಬಿಟ್ಟೆ. ಮೆಲ್ಲನೆ ಪಕ್ಕದಲ್ಲಿ ಕೂತು ಅವರ ಮೂಗಿನ ಹತ್ತಿರ ಬೆರಳು ಹಿಡಿದೆ.

ಅತ್ತೆ ಕಣ್ಣು ಬಿಡದೆಯೇ ಕೇಳಿದರು, "ಏನಮ್ಮಿ, ಹೋದ್ನಾ ಇದ್ದೀನಾ ಅಂತ ನೋಡ್ತಿದ್ದೀಯಾ?"

ನನಗೆ ನಾಚಿಕೆಯಾಗಿ ಕೈ ಹಿಂದಕ್ಕೆ ಎಳೆದುಕೊಂಡೆ.

"ಇದ್ದೀನಿ ಕಣೆ. ನಿದ್ದೆ ಬಂದಿತ್ತು, ಎಬ್ಬಿಸ್ಬುಟ್ಟೆ. ಇನ್ನೆಲ್ಡು ಉಂಡೆ ಹಾಕಿ ಹೋಗು."

ಹಾಕಿದೆ. ಅವರು ಮಗ್ಗುಲು ಬದಲಿಸಿ, ಬೆನ್ನನ್ನು ಒಲೆಯ ಬೆಚ್ಚನೆ ಗೋಡೆಗೆ ಕೊಟ್ಟು, ಸಂಜೆ ಎಮ್ಮೆ ಕೂಗುವವರೆಗೂ ನಿದ್ದೆ ಮಾಡಿದರು.